ಹೃದಯದ ಕವಾಟವೂ ಶ್ವಾಸಕೋಶದ ರಕ್ತದ ಒತ್ತಡವೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ರೋಗದ ಮಾತೇಕೆ ಎಂದು ಕೆಲವರು ಕೇಳಬಹುದು. ಹಳೆಯ ವಿದ್ಯಾರ್ಥಿನಿಯರು ಈ ಪುಟಗಳಲ್ಲಿ ತಮ್ಮ ಕಾಲದ ಆಟಪಾಠಗಳ ನೆನಪನ್ನೂ, ತಾಯಿತಂದೆಗಳು ತಮ್ಮ ಮಕ್ಕಳ ಏಳಿಗೆಯ ವೃತ್ತಾಂತವನ್ನೂ ಹುಡುಕುವುದು ಸಹಜವೇ. ಆದರೆ ಈಗ ಹೇಳಹೊರಟಿರುವ ವಿಷಯವು ಶಾಲೆಗೆ ದೂರವಾದುದಲ್ಲ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಸಾಮಾನ್ಯವಾದೊಂದು ಗಂಟಲುನೋವಿನ ರೂಪದಲ್ಲಿ ಇದರ ಬೀಜವು ಬೀಳುವುದು. ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ, ಅಂದರೆ ಹುಡುಗಿಯು ಗೃಹಿಣಿಯೂ ತಾಯಿಯೂ ಆಗುವ ಕಾಲದಲ್ಲಿ, ಅದರ ಫಲವು ಕಾಣಿಸಿಕೊಳ್ಳುವುದು. ನಡುವಣ ವರ್ಷಗಳಲ್ಲಿ ಅದು ಬಹುಮಟ್ಟಿಗೆ ಮೌನವಾಗಿರುವುದು. ಮೆಟ್ಟಲು ಹತ್ತಿದರೆ ಏದುಸಿರು ಬರುತ್ತದೆಂದು ಹುಡುಗಿಯು ಹೇಳಿದರೆ, ಸೋಮಾರಿತನವೆಂದು ಒಬ್ಬರೂ ರಕ್ತ ಕಡಿಮೆಯೆಂದು ಮತ್ತೊಬ್ಬರೂ ತೀರ್ಮಾನಿಸಿಬಿಡುವುದುಂಟು.

ಆ ಏದುಸಿರಿನ ಹಿಂದೆ ಕೆಲವು ವೇಳೆ ಎರಡು ಸಂಗತಿಗಳು ಜೊತೆಯಾಗಿರುವುವು. ಒಂದು, ಹೃದಯದ ಕವಾಟವು ಸರಿಯಾಗಿ ಮುಚ್ಚದೆ ರಕ್ತವು ಹಿಂದಕ್ಕೆ ಸೋರುವುದು. ಇದನ್ನು ವೈದ್ಯರು ರಿಗರ್ಜಿಟೇಶನ್ ಎನ್ನುವರು. ಇನ್ನೊಂದು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವು ಏರುವುದು. ಇದರ ಹೆಸರು ಪಲ್ಮನರಿ ಹೈಪರ್‌ಟೆನ್ಶನ್. ಇವೆರಡೂ ಬೇರೆ ಬೇರೆ ರೋಗಗಳೆಂದು ಭಾವಿಸುವವರು ಬಹಳ. ವಾಸ್ತವವಾಗಿ ಅನೇಕರಲ್ಲಿ ಒಂದು ಇನ್ನೊಂದರಿಂದ ಹುಟ್ಟುವುದು. ಹುಟ್ಟಿದುದು ಮತ್ತೆ ಮೂರನೆಯದೊಂದನ್ನು ಹುಟ್ಟಿಸುವುದು. ಆ ಸರಪಳಿಯನ್ನು ಕೊಂಡಿಕೊಂಡಿಯಾಗಿ ತಿಳಿದುಕೊಳ್ಳುವುದೇ ಈ ಪಾಠದ ಉದ್ದೇಶ.

1. ರಕ್ತಸಂಚಾರದ ಎರಡು ಮಾರ್ಗಗಳು

ಹೃದಯವು ಮುಷ್ಟಿಯಷ್ಟು ಗಾತ್ರದ ಮಾಂಸದ ಚೀಲವೆಂದೂ, ಅದರಲ್ಲಿ ನಾಲ್ಕು ಕೋಣೆಗಳಿವೆಯೆಂದೂ ನೀವೆಲ್ಲರೂ ಓದಿದ್ದೀರಿ. ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು. ಕೆಳಗಿನ ಎರಡು ಹೃತ್ಕುಕ್ಷಿಗಳು. ಮೈಯಿಂದ ಹಿಂದಿರುಗಿದ ಕಪ್ಪುಗೆಂಪು ರಕ್ತವು ಬಲ ಹೃತ್ಕರ್ಣಕ್ಕೆ ಬಂದು, ಬಲ ಹೃತ್ಕುಕ್ಷಿಗೆ ಇಳಿದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವುದು. ಅಲ್ಲಿ ಆಮ್ಲಜನಕವನ್ನು ಪಡೆದು ಕೆಂಪಾಗಿ ಎಡ ಹೃತ್ಕರ್ಣಕ್ಕೂ, ಅಲ್ಲಿಂದ ಎಡ ಹೃತ್ಕುಕ್ಷಿಗೂ ಇಳಿದು, ಮೈಗೆಲ್ಲ ಹರಡುವುದು. ರಕ್ತವು ಶ್ವಾಸಕೋಶದ ಮೂಲಕವೇ ಬಲದಿಂದ ಎಡಕ್ಕೆ ಹೋಗುವುದೆಂಬುದನ್ನು 13ನೆಯ ಶತಮಾನದಲ್ಲಿ ಅರಬ್ಬೀ ವೈದ್ಯನಾದ ಇಬ್ನ್ ಅಲ್ ನಫೀಸನು ಬರೆದಿಟ್ಟನು. ರಕ್ತವು ಒಂದು ಸುತ್ತಿನಲ್ಲಿ ಚಲಿಸುತ್ತಿರುವುದೆಂಬುದನ್ನು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಸಿದ್ಧಪಡಿಸಿದನು. ಆ ಸುತ್ತಿನ ಕಾಣದ ಭಾಗವಾದ ಲೋಮನಾಳಗಳನ್ನು 1661ರಲ್ಲಿ ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡನು.

ಇಲ್ಲಿ ಮನಸ್ಸಿನಲ್ಲಿಡಬೇಕಾದ ಮಾತೊಂದುಂಟು. ಈ ಎರಡು ಮಾರ್ಗಗಳೂ ಒಂದರ ಮುಂದೊಂದು ಜೋಡಿಸಿದ ಕಾಲುವೆಗಳು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವು ಮೈಯನ್ನು ಸುತ್ತುವುದು. ಅಷ್ಟೇ 5 ಲೀಟರು ಶ್ವಾಸಕೋಶವನ್ನೂ ದಾಟಲೇಬೇಕು. ಆದರೆ ಒತ್ತಡಗಳು ಮಾತ್ರ ಸಮವಲ್ಲ. ಮೈಗೆ ಹೋಗುವ ನಾಳದಲ್ಲಿ ಒತ್ತಡವು 120ಕ್ಕೆ 80 ಮಿಲಿಮೀಟರ್ ಪಾದರಸವಿದ್ದರೆ, ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಸುಮಾರು 25ಕ್ಕೆ 10 ಮಾತ್ರ. ಸರಾಸರಿ 14ರ ಆಸುಪಾಸು. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆಯು ಅತ್ಯಂತ ತೆಳುವಾದುದರಿಂದ ಅಲ್ಲಿ ಒತ್ತಡವು ಕಡಿಮೆಯಾಗಿಯೇ ಇರಬೇಕು. ಇಲ್ಲವಾದರೆ ರಕ್ತದ ನೀರು ಗಾಳಿಚೀಲಗಳೊಳಕ್ಕೆ ಜಿನುಗುವುದು. ಹಗುರವಾದ ಕೆಲಸಕ್ಕೆ ತಕ್ಕಂತೆ ಬಲ ಹೃತ್ಕುಕ್ಷಿಯ ಗೋಡೆಯೂ ಎಡದ ಗೋಡೆಗಿಂತ ಬಹಳ ತೆಳುವು.

ಶ್ವಾಸಕೋಶದ ನಾಳದಲ್ಲಿ ಸರಾಸರಿ ಒತ್ತಡವು 20ನ್ನು ಮೀರಿದರೆ ಅದು ರೋಗಲಕ್ಷಣವೆಂದು 2018ರಲ್ಲಿ ನಡೆದ ತಜ್ಞರ ಜಾಗತಿಕ ಸಮ್ಮೇಳನವು ಸೂಚಿಸಿತು. ಅದಕ್ಕೆ ಮುಂಚೆ 25 ಎಂಬುದು ಗಡಿಯಾಗಿದ್ದಿತು. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ರಕ್ತದ ಒತ್ತಡವು ಮೈಯ ಒತ್ತಡವೇ ಹೊರತು ಶ್ವಾಸಕೋಶದ್ದಲ್ಲ. ಆದುದರಿಂದ “ಬಿ.ಪಿ. ಸರಿಯಾಗಿದೆ” ಎಂಬ ಒಂದೇ ಮಾತಿನಿಂದ ಈ ವಿಷಯದಲ್ಲಿ ನಿಶ್ಚಿಂತರಾಗಿರಲು ಸಾಧ್ಯವಿಲ್ಲ.

2. ನಾಲ್ಕು ಕವಾಟಗಳು

ಪ್ರತಿ ಹೃತ್ಕುಕ್ಷಿಗೂ ರಕ್ತವು ಒಳಬರಲು ಒಂದು, ಹೊರಹೋಗಲು ಒಂದು ಬಾಗಿಲಿದೆ. ಬಲಗಡೆಯ ಒಳಬಾಗಿಲಿಗೆ ಮೂರು ದಳಗಳಿರುವುದರಿಂದ ಅದು ತ್ರಿದಳ ಕವಾಟ. ಎಡಗಡೆಯದಕ್ಕೆ ಎರಡೇ ದಳಗಳು; ಅದು ದ್ವಿದಳ ಕವಾಟ. ಈ ದ್ವಿದಳ ಕವಾಟವು ಬಿಷಪ್ಪರು ಧರಿಸುವ ಎರಡು ಕೋಡಿನ ಕಿರೀಟದಂತೆ ಇದೆಯೆಂದು 16ನೆಯ ಶತಮಾನದ ಅಂಗರಚನಾ ಪಂಡಿತನಾದ ವೆಸಾಲಿಯಸನು ಹೋಲಿಸಿದ್ದರಿಂದ, ಆ ಕಿರೀಟದ ಹೆಸರಿನಿಂದಲೇ ಅದಕ್ಕೆ ಮೈಟ್ರಲ್ ಎಂಬ ಹೆಸರು ನಿಂತಿತು. ಹೊರಬಾಗಿಲುಗಳೆರಡೂ ಮೂರು ಮೂರು ದಳಗಳವು.

ಈ ಬಾಗಿಲುಗಳು ಒಂದೇ ದಿಕ್ಕಿಗೆ ತೆರೆಯತಕ್ಕವು. ಹೃತ್ಕುಕ್ಷಿಯು ಹಿಂಡಿದಾಗ ಒಳಬಾಗಿಲು ಬಿಗಿಯಾಗಿ ಮುಚ್ಚಿ, ಹೊರಬಾಗಿಲು ತೆರೆಯಬೇಕು. ಕೈಪಂಪಿನಿಂದ ನೀರು ಸೇದಿದವರಿಗೆ ಇದು ಸುಲಭವಾಗಿ ತಿಳಿಯುವುದು. ಪಂಪಿನೊಳಗಿನ ಚರ್ಮದ ವಾಷರು ಸವೆದರೆ, ಹಿಡಿಯನ್ನು ಎಷ್ಟು ಬಲವಾಗಿ ಒತ್ತಿದರೂ ಎತ್ತಿದ ನೀರಿನಲ್ಲಿ ಒಂದು ಪಾಲು ಕೆಳಕ್ಕೇ ಇಳಿದುಹೋಗುವುದು. ಅದೇ ಕೊಡವನ್ನು ತುಂಬಲು ಹೆಚ್ಚು ಸಲ ಒತ್ತಬೇಕಾಗುವುದು. ಕವಾಟವು ಸೋರುವ ಹೃದಯದ ಗತಿಯೂ ಹೀಗೆಯೇ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಯಂತ್ರದಲ್ಲಿ, ಪ್ರತಿ ಬಡಿತಕ್ಕೂ ಆಗುವ ಸ್ವಲ್ಪ ನಷ್ಟವು ವರ್ಷಗಳಲ್ಲಿ ದೊಡ್ಡ ಹೊರೆಯಾಗುವುದು.

3. ಎಡಗಡೆಯ ದೋಷವು ಶ್ವಾಸಕೋಶವನ್ನು ತಲಪುವ ಬಗೆ

ಲೆಕ್ಕದ ಸೌಕರ್ಯಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎಡ ಹೃತ್ಕುಕ್ಷಿಯು ಒಂದು ಸಲ ಹಿಂಡಿದಾಗ 100 ಮಿಲಿಲೀಟರು ರಕ್ತವು ಹೊರಟಿತೆನ್ನಿ. ದ್ವಿದಳ ಕವಾಟವು ಸರಿಯಾಗಿ ಮುಚ್ಚದ ಕಾರಣ ಅದರಲ್ಲಿ 40 ಮಿಲಿಲೀಟರು ಹಿಂದಕ್ಕೆ, ಎಡ ಹೃತ್ಕರ್ಣಕ್ಕೆ ನುಗ್ಗಿತು. 60 ಮಾತ್ರ ಮೈಗೆ ಹೋಯಿತು. ಅಷ್ಟರಲ್ಲಿ ಶ್ವಾಸಕೋಶದಿಂದ ಹೊಸದಾಗಿ 60 ಮಿಲಿಲೀಟರು ಆ ಹೃತ್ಕರ್ಣಕ್ಕೇ ಬರುವುದು. 60ಕ್ಕೆ ಸ್ಥಳವಿದ್ದ ಕೋಣೆಯಲ್ಲಿ 100 ತುಂಬಬೇಕು. ಕೋಣೆಯು ಮೊದಲು ಹಿಗ್ಗಿ ತಾಳಿಕೊಳ್ಳುವುದು. ಹಿಗ್ಗುವ ಶಕ್ತಿಯು ಮುಗಿದ ಮೇಲೆ ಒಳಗಿನ ಒತ್ತಡವು ಏರುವುದು.

ಈಗ ಮುಖ್ಯವಾದ ಕೊಂಡಿಗೆ ಬರೋಣ. ಎಡ ಹೃತ್ಕರ್ಣಕ್ಕೂ ಶ್ವಾಸಕೋಶಕ್ಕೂ ನಡುವೆ ಇರುವ ನಾಳಗಳಲ್ಲಿ ಬಾಗಿಲುಗಳೇ ಇಲ್ಲ. ಕಾಲುವೆಯ ಕೆಳಗಿನ ತುದಿಯಲ್ಲಿ ನೀರು ನಿಂತರೆ ಮೇಲಿನ ಗದ್ದೆಯೂ ತುಂಬುವಂತೆ, ಎಡ ಹೃತ್ಕರ್ಣದ ಒತ್ತಡವು ನೇರವಾಗಿ ಶ್ವಾಸಕೋಶದ ಲೋಮನಾಳಗಳಿಗೆ ಏರಿ ಹೋಗುವುದು. ಶ್ವಾಸಕೋಶವು ನೀರು ಕುಡಿದ ಅರಿವೆಯಂತೆ ಭಾರವಾಗುವುದು. ಏದುಸಿರು, ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕುಳಿತುಕೊಳ್ಳುವುದು, ಒಣಕೆಮ್ಮು, ಕೆಲವು ವೇಳೆ ಕಫದಲ್ಲಿ ರಕ್ತ ಇವು ಆಗ ಕಾಣಿಸಿಕೊಳ್ಳುವುವು. ಇದನ್ನು ಬರಿಯ ದಮ್ಮೆಂದು ತಿಳಿದು ವರ್ಷಗಟ್ಟಲೆ ಕಷಾಯ ಕುಡಿಯುತ್ತಿರುವವರೂ ಉಂಟು.

ಇದೇ ಕವಾಟವು ಸೋರುವ ಬದಲು ಕಿರಿದಾಗುವುದೂ ಉಂಟು. ಆರೋಗ್ಯವಂತರಲ್ಲಿ ಅದರ ದ್ವಾರವು 4ರಿಂದ 6 ಚದರ ಸೆಂಟಿಮೀಟರು ಇರುವುದು. ದಳಗಳ ಅಂಚುಗಳು ಅಂಟಿಕೊಂಡು ಅದು 1.5 ಚದರ ಸೆಂಟಿಮೀಟರಿಗೋ ಅದಕ್ಕಿಂತ ಕಡಿಮೆಗೋ ಇಳಿದರೆ ತೀವ್ರವೆಂದು ಎಣಿಸುವರು. ನಮ್ಮ ದೇಶದ ಹುಡುಗಿಯರಲ್ಲಿ ಸೋರಿಕೆಯೂ ಕಿರಿದಾಗುವಿಕೆಯೂ ಒಂದೇ ಕವಾಟದಲ್ಲಿ ಕೂಡಿರುವುದು ಅಪರೂಪವಲ್ಲ. ಯಾವುದಾದರೂ ಪರಿಣಾಮವು ಒಂದೇ: ಹಿಂದಿರುವ ಶ್ವಾಸಕೋಶದ ಮೇಲೆ ಒತ್ತಡ. ಜಗತ್ತಿನಲ್ಲಿ ಶ್ವಾಸಕೋಶದ ರಕ್ತದ ಒತ್ತಡಕ್ಕೆ ಅತ್ಯಂತ ಸಾಮಾನ್ಯವಾದ ಕಾರಣವು ಹೃದಯದ ಎಡಗಡೆಯ ದೋಷವೇ ಎಂದು ವೈದ್ಯಶಾಸ್ತ್ರವು ಹೇಳುವುದು.

4. ಬಲಗಡೆಯ ಕವಾಟ ಏತಕ್ಕೆ ಸೋರುವುದು?

ಸರಪಳಿಯು ಇಲ್ಲಿಗೆ ಮುಗಿಯಲಿಲ್ಲ. ಒತ್ತಡವು ಬಹುಕಾಲ ಹೆಚ್ಚಾಗಿಯೇ ಇದ್ದರೆ ಶ್ವಾಸಕೋಶದ ಸಣ್ಣ ನಾಳಗಳು ತಮ್ಮ ಗೋಡೆಗಳನ್ನು ದಪ್ಪಮಾಡಿಕೊಂಡು ಬಿಗಿಯಾಗುವುವು. ತೆಳುಗೋಡೆಯ ಬಲ ಹೃತ್ಕುಕ್ಷಿಯು ಆ ಬಿಗಿಯಾದ ನಾಳಗಳೊಳಕ್ಕೆ ರಕ್ತವನ್ನು ನೂಕಬೇಕು. 25ರ ಒತ್ತಡಕ್ಕೆ ಹುಟ್ಟಿದ ಕೋಣೆಯು 60, 70ರ ಒತ್ತಡವನ್ನು ಹುಟ್ಟಿಸಬೇಕಾದಾಗ ಮೊದಲು ದಪ್ಪವಾಗುವುದು, ಆಮೇಲೆ ಸೋತು ಹಿಗ್ಗುವುದು.

ಹಿಗ್ಗಿದಾಗ ತ್ರಿದಳ ಕವಾಟಕ್ಕೆ ಏನಾಗುವುದೆಂಬುದನ್ನು ಮನೆಯ ಬಾಗಿಲಿನ ಹೋಲಿಕೆಯಿಂದ ತಿಳಿಯಬಹುದು. ಜೋಡಿಬಾಗಿಲು ಸರಿಯಾಗಿ ಮುಚ್ಚದಿರಲು ಎರಡು ಕಾರಣಗಳಿರುವುವು. ಕದವನ್ನು ಗೆದ್ದಲು ತಿಂದಿರಬಹುದು. ಅಥವಾ ಕದಗಳು ಚೆನ್ನಾಗಿಯೇ ಇದ್ದು, ಗೋಡೆ ಸರಿದು ಚೌಕಟ್ಟು ಅಗಲವಾಗಿರಬಹುದು. ನಾವು ಹೇಳಿದ ದ್ವಿದಳ ಕವಾಟದ್ದು ಮೊದಲನೆಯ ಬಗೆ, ದಳಗಳೇ ಕೆಟ್ಟಿವೆ. ತ್ರಿದಳ ಕವಾಟದ್ದು ಬಹುಮಟ್ಟಿಗೆ ಎರಡನೆಯದು. ದಳಗಳು ನಿರ್ದೋಷಿಗಳಾಗಿದ್ದರೂ ಅವು ಕೂತಿರುವ ಬಳೆಯು ಹಿಗ್ಗಿದುದರಿಂದ ಒಂದನ್ನೊಂದು ಮುಟ್ಟಲಾರವು. ರಕ್ತವು ಬಲ ಹೃತ್ಕರ್ಣಕ್ಕೂ ಅಲ್ಲಿಂದ ಮೈಯ ಸಿರೆಗಳಿಗೂ ಹಿಮ್ಮೆಟ್ಟುವುದು. ಕುತ್ತಿಗೆಯ ಸಿರೆಗಳು ಉಬ್ಬುವುವು. ಪಿತ್ತಜನಕಾಂಗವು ಊದಿ ಬಲಪಕ್ಕೆಯಲ್ಲಿ ಭಾರವೆನಿಸುವುದು. ಸಂಜೆಯ ಹೊತ್ತಿಗೆ ಪಾದಗಳಲ್ಲಿ ಬಾವು ಬರುವುದು. ಬಳೆಯು ಹಿಗ್ಗಿದಷ್ಟೂ ಸೋರಿಕೆ, ಸೋರಿದಷ್ಟೂ ಕೋಣೆಗೆ ಹೊರೆ, ಹೊರೆಯಾದಷ್ಟೂ ಮತ್ತೆ ಹಿಗ್ಗು. ಹೀಗೆ ದೋಷವು ತನ್ನನ್ನು ತಾನೇ ಬೆಳೆಸಿಕೊಳ್ಳುವುದು.

ಎಡಗಡೆಯ ಸೋರಿಕೆಯು ಶ್ವಾಸಕೋಶದ ಒತ್ತಡಕ್ಕೆ ಕಾರಣ. ಶ್ವಾಸಕೋಶದ ಒತ್ತಡವು ಬಲಗಡೆಯ ಸೋರಿಕೆಗೆ ಕಾರಣ. ಈ ಒಂದು ವಾಕ್ಯವನ್ನು ನೆನಪಿಟ್ಟರೆ ಪಾಠದ ಅರ್ಧವು ಮನಸ್ಸಿನಲ್ಲಿ ನಿಂತಂತೆ.

5. ಸೋರಿಕೆಯೇ ಅಳತೆಗೋಲು

ದೇವರು ಒಡ್ಡಿದ ಕಷ್ಟದಲ್ಲಿಯೂ ಒಂದು ಉಪಕಾರವಿರುವುದೆಂದು ಹಿರಿಯರು ಹೇಳುವರು. ಬಲಗಡೆಯ ಸೋರಿಕೆಯೇ ಶ್ವಾಸಕೋಶದ ಒತ್ತಡವನ್ನು ಹೊರಗಿನಿಂದ ಅಳೆಯಲು ವೈದ್ಯರಿಗೆ ದಾರಿಯಾಗಿದೆ. 1953ರಲ್ಲಿ ಸ್ವೀಡನ್ ದೇಶದ ಲುಂಡ್ ಪಟ್ಟಣದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬಿಬ್ಬರು ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಅದರಿಂದ ಬೆಳೆದುಬಂದ ಎಕೋ ಪರೀಕ್ಷೆಯು ಇಂದು ಸೋರುವ ರಕ್ತದ ವೇಗವನ್ನೂ ತೋರಿಸುವುದು. ವೇಗ ತಿಳಿದರೆ ಒತ್ತಡವನ್ನು ತಿಳಿಯಬಹುದೆಂಬ ತತ್ವವು 1738ರಲ್ಲಿ ದ್ರವಗಳ ಚಲನೆಯನ್ನು ಕುರಿತು ಗ್ರಂಥ ಬರೆದ ಡೇನಿಯಲ್ ಬರ್ನೂಲಿಯದು.

ಲೆಕ್ಕವು ನಮ್ಮ ಹುಡುಗಿಯರೂ ಮಾಡಬಹುದಾದಷ್ಟು ಸುಲಭ. ಸೋರಿಕೆಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರು ಎಂದು ಅಳೆದು, ಆ ಸಂಖ್ಯೆಯ ವರ್ಗವನ್ನು 4ರಿಂದ ಗುಣಿಸಿದರೆ, ಬಲ ಹೃತ್ಕುಕ್ಷಿಗೂ ಬಲ ಹೃತ್ಕರ್ಣಕ್ಕೂ ಇರುವ ಒತ್ತಡದ ಅಂತರವು ಮಿಲಿಮೀಟರ್ ಪಾದರಸದಲ್ಲಿ ದೊರೆಯುವುದು. ವೇಗವು 2 ಮೀಟರಾದರೆ ಅಂತರವು 16. ವೇಗವು 4 ಮೀಟರಾದರೆ, 4ರ ವರ್ಗ 16, ಅದರ ನಾಲ್ಕರಷ್ಟು 64. ಇದಕ್ಕೆ ಹೃತ್ಕರ್ಣದಲ್ಲಿರುವ ಒತ್ತಡವನ್ನು, 8 ಎಂದಿಟ್ಟುಕೊಳ್ಳಿ, ಕೂಡಿಸಿದರೆ 72. ಶ್ವಾಸಕೋಶಕ್ಕೆ ಹೋಗುವ ನಾಳದ ಗರಿಷ್ಠ ಒತ್ತಡವು 25ರ ಬದಲು 72 ಎಂದಾಯಿತು. ವೇಗವು 2.8 ಮೀಟರನ್ನು ಮೀರಿದರೆ ವೈದ್ಯರು ಸಂಶಯಪಟ್ಟು ಮುಂದಿನ ಪರೀಕ್ಷೆಗಳನ್ನು ಯೋಚಿಸುವರು. ಖಚಿತವಾದ ಅಳತೆಗೆ ಸಿರೆಯ ಮೂಲಕ ತೆಳುವಾದ ನಳಿಕೆಯನ್ನು ಹೃದಯದೊಳಕ್ಕೆ ಕಳುಹಿಸಬೇಕಾಗುವುದು. 1929ರಲ್ಲಿ ಜರ್ಮನಿಯ ಫೋರ್ಸ್‌ಮನ್ ಎಂಬ ತರುಣ ವೈದ್ಯನು ಅದನ್ನು ತನ್ನ ಮೈಮೇಲೆಯೇ ಪ್ರಯೋಗಿಸಿದನು. ಅವನಿಗೆ 1956ರಲ್ಲಿ, ಇನ್ನಿಬ್ಬರೊಡನೆ, ನೊಬೆಲ್ ಪಾರಿತೋಷಕವು ದೊರೆಯಿತು.

ವರದಿಯನ್ನು ಓದಿ ಬೆದರುವವರಿಗೆ ಎರಡು ಮಾತು. ತ್ರಿದಳ ಕವಾಟದಲ್ಲಿ ತೀರ ಅಲ್ಪವಾದ ಸೋರಿಕೆಯು ಆರೋಗ್ಯವಂತರಲ್ಲಿಯೂ ಬಹಳ ಜನರಿಗೆ ಇರುವುದು, ಅದು ರೋಗವಲ್ಲ. ಇನ್ನು ಸೋರಿಕೆಯ ವೇಗ ಬೇರೆ, ಪ್ರಮಾಣ ಬೇರೆ. ಸಣ್ಣ ಸೋರಿಕೆಯೂ ವೇಗವಾಗಿದ್ದರೆ ಹೆಚ್ಚಿನ ಒತ್ತಡವನ್ನು ಸೂಚಿಸಬಹುದು. ಆದುದರಿಂದ ವರದಿಯಲ್ಲಿನ ಒಂದು ಪದವನ್ನು ಹಿಡಿದು ಅಳುವುದೂ ಬೇಡ, ನಗುವುದೂ ಬೇಡ, ವೈದ್ಯರನ್ನು ಕೇಳತಕ್ಕದ್ದು.

6. ಗಂಟಲಿನಿಂದ ಗುಂಡಿಗೆಗೆ

ದ್ವಿದಳ ಕವಾಟವು ಕೆಡಲು ಕಾರಣಗಳು ಹಲವು. ವಯಸ್ಸಾದವರಲ್ಲಿ ದಳಗಳು ಸಡಿಲವಾಗುವುದರಿಂದಲೂ, ಹೃದಯಾಘಾತದಿಂದಲೂ ಸೋರಿಕೆಯುಂಟಾಗುವುದು. ಆದರೆ ನಮ್ಮ ದೇಶದ ಎಳೆಯರಲ್ಲಿ ಮುಖ್ಯ ಕಾರಣವು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಎಂಬ ಕ್ರಿಮಿಗಳ ಒಂದು ಜಾತಿಯು ಗಂಟಲಿನಲ್ಲಿ ಬೇರೂರಿ ನೋವು, ಜ್ವರಗಳನ್ನು ತರುವುದು. ಗಂಟಲು ವಾಸಿಯಾಗಿ ಎರಡು ಮೂರು ವಾರಗಳಾದ ಮೇಲೆ, ಕ್ರಿಮಿಗಳ ಮೇಲೆ ಎದ್ದ ಮೈಯ ರಕ್ಷಣಾಶಕ್ತಿಯು ತಪ್ಪಿ ತನ್ನ ಕೀಲುಗಳನ್ನೂ ಹೃದಯವನ್ನೂ ಹೊಡೆಯುವುದು. ಕೀಲುಗಳ ನೋವು ಮಂಡಿಯಿಂದ ಮಣಿಕಟ್ಟಿಗೆ ಅಲೆದಾಡಿ ಕೆಲವು ವಾರಗಳಲ್ಲಿ ಮಾಯವಾಗುವುದು. ಕವಾಟದ ಮೇಲಿನ ಗಾಯವು ಉಳಿದು ಕಲೆಗಟ್ಟುವುದು. ಒತ್ತಾಗಿ ವಾಸಿಸುವ ಮನೆ, ಒಂದೇ ಕೋಣೆಯಲ್ಲಿ ಹಲವರು ಮಲಗುವುದು, ತಡವಾದ ಚಿಕಿತ್ಸೆ ಇವು ರೋಗಕ್ಕೆ ಸಹಾಯಕಗಳು. ಈ ಹೃದ್ರೋಗವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಉಪಾಧ್ಯಾಯಿನಿಯರು ಕಂಡುಹಿಡಿಯಬಹುದಾದ ಗುರುತೊಂದುಂಟು. ಈ ಜ್ವರದ ಹಿಂದೆಯೇ, ಕೆಲವು ವೇಳೆ ತಿಂಗಳುಗಳು ಕಳೆದ ಮೇಲೆ, ಕೆಲವು ಮಕ್ಕಳಿಗೆ ಕೊರಿಯಾ ಎಂಬ ವಿಕಾರವು ಬರುವುದು. ಅದು ಹುಡುಗಿಯರಲ್ಲಿಯೇ ಹೆಚ್ಚು. ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಕುಣಿಯುವುವು, ಮುಖವು ಸೊಟ್ಟಗಾಗುವುದು, ಲೋಟವು ಕೈಜಾರುವುದು, ಮುತ್ತಿನಂತಿದ್ದ ಅಕ್ಷರವು ಒಂದೆರಡು ವಾರಗಳಲ್ಲಿ ಕೆಡುವುದು, ಕಾರಣವಿಲ್ಲದೆ ಅಳು ಬರುವುದು. ಇದನ್ನು ತುಂಟತನವೆಂದು ದಂಡಿಸುವುದಾಗಲಿ, ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವುದಾಗಲಿ ಅನ್ಯಾಯ. ಅಂತಹ ಮಗುವಿನ ಹೃದಯವನ್ನು ಕೂಡಲೆ ಪರೀಕ್ಷಿಸಬೇಕು.

ತಡೆಯುವ ಉಪಾಯವೂ ಇದೆ. ಗಂಟಲುನೋವು ತೊಡಗಿದ 9 ದಿನಗಳೊಳಗೆ ಪೆನಿಸಿಲಿನ್ ಚಿಕಿತ್ಸೆಯು ಆರಂಭವಾದರೆ ರುಮ್ಯಾಟಿಕ್ ಜ್ವರವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಎಲ್ಲ ಗಂಟಲುನೋವೂ ಈ ಕ್ರಿಮಿಯದಲ್ಲ. ನೆಗಡಿಯೊಡನೆ ಬರುವುದು ಸಾಮಾನ್ಯವಾಗಿ ಬೇರೆಯದು. ಆದರೆ ನೆಗಡಿ ಕೆಮ್ಮುಗಳಿಲ್ಲದೆ, ಜ್ವರದೊಡನೆ ನುಂಗಲಾರದಷ್ಟು ನೋವು, ಕುತ್ತಿಗೆಯಲ್ಲಿ ಗಂಟು ಇದ್ದರೆ ಕಷಾಯದಲ್ಲಿ ದಿನ ಕಳೆಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಅದು ಮರುಕಳಿಸದಂತೆ 3 ಅಥವಾ 4 ವಾರಗಳಿಗೊಮ್ಮೆ ಪೆನಿಸಿಲಿನ್ ಸೂಜಿಮದ್ದನ್ನು ವರ್ಷಗಟ್ಟಲೆ ಕೊಡುವರು. ಕವಾಟವು ಕೆಟ್ಟಿದ್ದರೆ 40ನೆಯ ವಯಸ್ಸಿನವರೆಗೂ, ಕೆಲವರಿಗೆ ಜೀವಮಾನವಿಡೀ ಬೇಕಾಗುವುದು. ಪ್ರತಿ ಮರುಕಳಿಕೆಯೂ ಕವಾಟದ ಮೇಲೆ ಮತ್ತೊಂದು ಗಾಯ. ಈ ಸೂಜಿಯು ನೋವಿನದು. ದಿನವು ಶಾಲೆಯ ದಿನವೇ ಆಗಿರುವುದು. ಆದರೂ ಹಾಜರಿ ಪುಸ್ತಕದ ಒಂದು ಗುರುತಿಗಿಂತ ಆ ಸೂಜಿಯ ಚೀಟಿಯ ಗುರುತು ದೊಡ್ಡದೆಂದು ಶಾಲೆಯೂ ಮನೆಯೂ ತಿಳಿಯಬೇಕು.

7. ಒಲೆಯ ಹೊಗೆ

ಬಲಗಡೆಯ ಸೋರಿಕೆಯು ಎಡಗಡೆಯ ದೋಷವಿಲ್ಲದೆಯೂ ಬರಬಹುದು. ಶ್ವಾಸಕೋಶವೇ ಬಹುಕಾಲ ರೋಗಿಯಾಗಿದ್ದರೆ ಅದರ ನಾಳಗಳು ಆಮ್ಲಜನಕದ ಕೊರತೆಯಿಂದ ಬಿಗಿಯುವುವು; ಒತ್ತಡವು ಏರುವುದು; ಬಲ ಹೃದಯವು ಹಿಗ್ಗುವುದು. ಈ ವಿಷಯದಲ್ಲಿ ನಮ್ಮ ಹುಡುಗಿಯರೆಲ್ಲರೂ ತಿಳಿಯಬೇಕಾದ ಹೆಸರು ಡಾಕ್ಟರ್ ಎಸ್. ಪದ್ಮಾವತಿಯವರದು. 1917ರಲ್ಲಿ ಬರ್ಮಾದಲ್ಲಿ ಹುಟ್ಟಿ, ರಂಗೂನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಯುದ್ಧಕಾಲದಲ್ಲಿ ಭಾರತಕ್ಕೆ ಬಂದು, ಇಂಗ್ಲೆಂಡು ಅಮೆರಿಕಗಳಲ್ಲಿ ಹೆಚ್ಚಿನ ಶಿಕ್ಷಣವನ್ನು ಪಡೆದು, ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೃದ್ರೋಗ ವಿಭಾಗವನ್ನು ಕಟ್ಟಿದ ಆ ಮಹಿಳೆಯು ನಮ್ಮ ದೇಶದ ಮೊದಲ ಹೃದ್ರೋಗ ತಜ್ಞೆ. ಶ್ವಾಸಕೋಶದ ರೋಗದಿಂದ ಬಲ ಹೃದಯವು ಸೋತ ದೆಹಲಿಯ ರೋಗಿಗಳನ್ನು ಅವರೂ ಅವರ ಸಂಗಡಿಗರೂ ಪರೀಕ್ಷಿಸಿ 1959ರಲ್ಲಿ ಲೇಖನವನ್ನು ಪ್ರಕಟಿಸಿದರು. ಬೀಡಿ ಸಿಗರೇಟುಗಳನ್ನು ಮುಟ್ಟದ ಹೆಂಗಸರಲ್ಲಿಯೂ ಈ ರೋಗವು ಹೇರಳವಾಗಿತ್ತು. ಬೆರಣಿ ಸೌದೆಗಳ ಒಲೆಯ ಮುಂದೆ ಬಾಲ್ಯದಿಂದ ಕುಳಿತು ನುಂಗಿದ ಹೊಗೆಯ ಕಡೆಗೆ ಅವರು ಬೆರಳು ತೋರಿಸಿದರು. ಪದ್ಮಾವತಿಯವರು 103 ವರ್ಷ ಬಾಳಿ 2020ರಲ್ಲಿ ತೀರಿಕೊಂಡರು.

ಇಂದು ಅಡಿಗೆಗೆ ಅನಿಲದ ಒಲೆ ಬಂದ ಮನೆಗಳಲ್ಲಿಯೂ ಸ್ನಾನದ ಹಂಡೆಗೆ ಸೌದೆ ಉರಿಸುವುದು ನಮ್ಮ ಊರುಗಳಲ್ಲಿ ತಪ್ಪಿಲ್ಲ. ಹೊಗೆ ಹೊರಹೋಗಲು ದಾರಿಯಿಲ್ಲದ ಬಚ್ಚಲುಮನೆಯಲ್ಲಿ ಊದುಗೊಳವೆ ಹಿಡಿದು ಕೂರುವವಳು ಸಾಮಾನ್ಯವಾಗಿ ಮನೆಯ ಹೆಣ್ಣುಮಗಳೇ.

8. ಚಿಕಿತ್ಸೆಯ ಇತಿಹಾಸ

ಕಿರಿದಾದ ದ್ವಿದಳ ಕವಾಟವನ್ನು ಕತ್ತರಿಸಿ ಬಿಡಿಸಲು 1923ರಲ್ಲಿ ಬಾಸ್ಟನ್ ನಗರದ ಕಟ್ಲರನು ಒಬ್ಬ ಬಾಲಕಿಗೂ, ಬೆರಳಿನಿಂದ ಬಿಡಿಸಲು 1925ರಲ್ಲಿ ಲಂಡನ್ನಿನ ಸೂಟರನು ಒಬ್ಬ ತರುಣಿಗೂ ಶಸ್ತ್ರಚಿಕಿತ್ಸೆ ಮಾಡಿದರು. ಇಬ್ಬರೂ ಹೆಣ್ಣುಮಕ್ಕಳಾಗಿದ್ದುದು ಗಮನಾರ್ಹ. 1960ರಲ್ಲಿ ಅಮೆರಿಕದ ನೀನಾ ಬ್ರೌನ್‌ವಾಲ್ಡ್ ಎಂಬ ಮಹಿಳೆಯು ತಾನೇ ರಚಿಸಿದ ಕೃತಕ ಕವಾಟವನ್ನು ರೋಗಿಯ ಹೃದಯದಲ್ಲಿ ಜೋಡಿಸಿದಳು. 1982ರಲ್ಲಿ ಜಪಾನಿನ ಇನೋಯೆ ಎಂಬವರು ಎದೆಯನ್ನು ಸೀಳದೆ, ತೊಡೆಯ ಸಿರೆಯ ಮೂಲಕ ಬಲೂನನ್ನು ಕಳುಹಿಸಿ ಕವಾಟವನ್ನು ಬಿಡಿಸುವ ವಿಧಾನವನ್ನು ಆರಂಭಿಸಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ಈ ಚಿಕಿತ್ಸೆಗೆ ಹೆಸರಾದುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾಕ್ಟರ್ ವಲಿಯತ್ತಾನರ ನೇತೃತ್ವದಲ್ಲಿ ತಯಾರಾದ ಸ್ವದೇಶಿ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು. ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು.

ಬಲೂನು ಕಿರಿದಾದ ಕವಾಟಕ್ಕೆ ತಕ್ಕುದು, ಹೆಚ್ಚಾಗಿ ಸೋರುವುದಕ್ಕಲ್ಲ; ಸೋರುವುದನ್ನು ಹೊಲಿದು ಸರಿಪಡಿಸಬೇಕು, ಇಲ್ಲವೆ ಬದಲಿಸಬೇಕು. ಕಾಲಕ್ಕೆ ಸರಿಯಾಗಿ ಎಡಗಡೆಯ ದೋಷವನ್ನು ನಿವಾರಿಸಿದರೆ ಶ್ವಾಸಕೋಶದ ಒತ್ತಡವು ಇಳಿಯುವುದು. ಮುಂದಿನ ತಿಂಗಳುಗಳಲ್ಲಿ ಇನ್ನೂ ಇಳಿಯುವುದು. ಆದರೆ ನಾಳಗಳು ದಪ್ಪಗಟ್ಟುವ ತನಕ ಕಾದರೆ ಒತ್ತಡದಲ್ಲಿ ಒಂದು ಪಾಲು ಉಳಿದೇಬಿಡುವುದು. ತ್ರಿದಳ ಕವಾಟದ ಬಳೆಯು ಬಹಳ ಹಿಗ್ಗಿದ್ದರೆ ಅದೂ ತಾನಾಗಿ ಕುಗ್ಗದು. ಆದುದರಿಂದ ಶಸ್ತ್ರವೈದ್ಯರು ಎಡಗಡೆಯದನ್ನು ಸರಿಪಡಿಸುವಾಗಲೇ ಬಲಗಡೆಗೂ ಒಂದು ಉಂಗುರವನ್ನು ತೊಡಿಸಿ ಬಿಗಿಮಾಡುವರು. ಶ್ವಾಸಕೋಶದ ಒತ್ತಡಕ್ಕೆಂದು ಬೇರೆಯವರಿಗೆ ಬರೆದುಕೊಟ್ಟ ಮಾತ್ರೆಯು ಕವಾಟದ ರೋಗಿಗೆ ಸಲ್ಲದು. ಕವಾಟ ಸರಿಪಡಿಸಿದ ಮೇಲೂ ಒತ್ತಡ ಉಳಿದವರಿಗೆ ಸಿಲ್ಡೆನಫಿಲ್ ಎಂಬ ಔಷಧವನ್ನು ಕೊಟ್ಟು ನೋಡಿದಾಗ ಗುಣವಾಗುವ ಬದಲು ಕೆಡುಕೇ ಹೆಚ್ಚಾಯಿತೆಂದು 2018ರಲ್ಲಿ ಮುದ್ರಿತವಾದ ಸ್ಪೇನ್ ದೇಶದ ಪರೀಕ್ಷೆಯೊಂದು ತೋರಿಸಿತು. ಒತ್ತಡವೆಂಬ ಹೆಸರು ಒಂದಾದರೂ ಬೇರು ಬೇರೆ. ಬೇರಿಗೆ ತಕ್ಕ ಮದ್ದು ಬೇಕು.

9. ವಿವಾಹ ಮತ್ತು ತಾಯ್ತನ

ಇಲ್ಲಿಯವರೆಗೆ ಓದಿದ ತಾಯಿತಂದೆಗಳು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಬಿನ್ನಹ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣವು ಶೇಕಡ 40ರಿಂದ 50ರಷ್ಟು ಹೆಚ್ಚುವುದು, ನಾಡಿಯೂ ತೀವ್ರವಾಗುವುದು. ಕಿರಿದಾದ ಬಾಗಿಲಿನಿಂದ ಒಂದೂವರೆಯಷ್ಟು ರಕ್ತವು ಹಾಯಬೇಕಾದಾಗ, ಅಲ್ಲಿಯವರೆಗೆ ಮೌನವಾಗಿದ್ದ ದೋಷವು ಮೊದಲ ಬಾರಿಗೆ ಬಾಯಿ ತೆರೆಯುವುದು. ಅನೇಕ ಹೆಂಗಸರಿಗೆ ತಮ್ಮ ಕವಾಟದ ರೋಗವು ತಿಳಿಯುವುದೇ ಬಸುರಿನಲ್ಲಿ. ಹೆರಿಗೆಯ ವೇಳೆಯೂ ಅನಂತರದ ಕೆಲವು ದಿನಗಳೂ ಅತ್ಯಂತ ಅಪಾಯದವು. ಶ್ವಾಸಕೋಶದ ನಾಳಗಳೇ ರೋಗಗ್ರಸ್ತವಾಗಿ ಒತ್ತಡವೇರಿರುವವರೂ, ದ್ವಿದಳ ಕವಾಟವು ತೀವ್ರವಾಗಿ ಕಿರಿದಾಗಿರುವವರೂ ಗರ್ಭ ಧರಿಸಬಾರದೆಂದೇ ವೈದ್ಯರು ಸಲಹೆ ಕೊಡುವರು. ಕವಾಟವನ್ನು ಮೊದಲು ಸರಿಪಡಿಸಿದರೆ ಎರಡನೆಯವರಲ್ಲಿ ಬಹುಮಂದಿಗೆ ದಾರಿಯು ತೆರೆಯುವುದು.

ಎಲ್ಲ ಕವಾಟದ ದೋಷಕ್ಕೂ ಇಷ್ಟು ಭಯವಿಲ್ಲ. ಸೌಮ್ಯವಾದ ಸೋರಿಕೆಯಿದ್ದು ಶ್ವಾಸಕೋಶದ ಒತ್ತಡವು ಸರಿಯಾಗಿದ್ದರೆ, ತಕ್ಕ ಮೇಲ್ವಿಚಾರಣೆಯಲ್ಲಿ ಬಹುತೇಕ ಹೆಂಗಸರು ಕ್ಷೇಮವಾಗಿ ಹೆರುವರು. ಲೋಹದ ಕವಾಟವುಳ್ಳವರು ರಕ್ತವು ಹೆಪ್ಪುಗಟ್ಟದಂತೆ ದಿನವೂ ಮಾತ್ರೆ ನುಂಗಬೇಕು; ಅದರಲ್ಲಿ ವಾರ್ಫರಿನ್ ಎಂಬುದು ಗರ್ಭದ ಶಿಶುವಿಗೆ ಹಾನಿಮಾಡಬಲ್ಲುದು, ಹಾಗೆಂದು ತಾವಾಗಿ ನಿಲ್ಲಿಸಿದರೆ ತಾಯಿಯ ಪ್ರಾಣಕ್ಕೇ ಅಪಾಯ. ಆದುದರಿಂದ ಗರ್ಭ ಧರಿಸುವ ಮೊದಲೇ ವೈದ್ಯರೊಡನೆ ಮಾತನಾಡುವುದು ಅವಶ್ಯ.

ಕೆಡುಕಿನ ಮೂಲವು ಬಹುವೇಳೆ ರೋಗವಲ್ಲ, ಮುಚ್ಚುಮರೆ. ಸಂಬಂಧವು ತಪ್ಪೀತೆಂಬ ಭಯದಿಂದ ಮಗಳ ಕಾಗದಪತ್ರಗಳನ್ನು ಪೆಟ್ಟಿಗೆಯ ತಳದಲ್ಲಿಟ್ಟು, ಸೂಜಿಮದ್ದನ್ನು ಮದುವೆಯ ತಿಂಗಳಿನಲ್ಲಿ ನಿಲ್ಲಿಸಿ, ಅವಳನ್ನು ಕಳುಹಿಸಿಕೊಟ್ಟರೆ, ಹೊಸ ಮನೆಯಲ್ಲಿ ಅವಳು ನೀರು ಹೊರುವಾಗ ಬರುವ ಏದುಸಿರಿಗೆ ಉತ್ತರವನ್ನೇ ಹೇಳಲಾರಳು. ಸೀಮಂತದ ದಿನ ಎಲ್ಲರೂ ಹಾರೈಸುವರು. ಅವಳ ಉಸಿರಿನ ವಿಷಯವನ್ನು ಯಾರೂ ಕೇಳರು. ವರನ ಮನೆಯವರಿಗೆ ನಿಜವನ್ನು ಹೇಳುವುದರಿಂದ ಒಂದು ಸಂಬಂಧವು ತಪ್ಪಬಹುದು. ಹೇಳದಿರುವುದರಿಂದ ಮಗಳೇ ತಪ್ಪಿಹೋಗಬಹುದು.

10. ನಾವು ಮಾಡತಕ್ಕ ಕೆಲಸ

ಮೊದಲನೆಯದು, ಸರಕಾರವು 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದಾಗ ಮಗಳನ್ನು ತಪ್ಪದೆ ಪರೀಕ್ಷೆಗೆ ಕಳುಹಿಸಿರಿ. ಅವರು ನೋಡುವ ರೋಗಗಳಲ್ಲಿ ಈ ಹೃದ್ರೋಗವೂ ಸೇರಿದೆ. ಎರಡನೆಯದು, ಓರಗೆಯ ಮಕ್ಕಳು ಆಡುವ ಆಟದಲ್ಲಿ ನಡುವೆಯೇ ಕುಳಿತುಬಿಡುವ ಹುಡುಗಿಯನ್ನು ಗದರಿಸುವುದಕ್ಕೆ ಮುಂಚೆ ಅವಳ ಎದೆಯನ್ನು ವೈದ್ಯರು ಆಲಿಸಲಿ. ಮೂರನೆಯದು, ಎಕೋ ಪರೀಕ್ಷೆಯಾದರೆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಯಾವ ಕವಾಟ? ಸೋರಿಕೆಯೋ, ಕಿರಿದಾಗಿರುವುದೋ, ಎಷ್ಟು? ಶ್ವಾಸಕೋಶದ ಒತ್ತಡವೆಷ್ಟು? ಮುಂದಿನ ಪರೀಕ್ಷೆ ಯಾವಾಗ? ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆಯಿಸಿಕೊಳ್ಳಿರಿ. ನಾಲ್ಕನೆಯದು, ಆ ಪುಸ್ತಕವೂ ಸೂಜಿಮದ್ದಿನ ಚೀಟಿಯೂ ಮಗಳು ಎಲ್ಲಿಗೆ ಹೋದರೂ, ಕಾಲೇಜಿಗಾಗಲಿ, ಕೆಲಸದ ಊರಿಗಾಗಲಿ, ಗಂಡನ ಮನೆಗಾಗಲಿ, ಅವಳ ಸಂಗಡವೇ ಹೋಗಲಿ.

2018ರ ಮೇ ತಿಂಗಳಿನಲ್ಲಿ ಜಗತ್ತಿನ ರಾಷ್ಟ್ರಗಳು ವಿಶ್ವ ಆರೋಗ್ಯ ಸಭೆಯಲ್ಲಿ ಕೂಡಿ ರುಮ್ಯಾಟಿಕ್ ಹೃದ್ರೋಗವನ್ನು ತಡೆಯಬೇಕೆಂದು ನಿರ್ಣಯವನ್ನು ಅಂಗೀಕರಿಸಿದುವು. ಅಂತಹ ನಿರ್ಣಯಗಳು ನೆರವೇರುವುದು ಮನೆಯ ಜಗಲಿಯಲ್ಲಿಯೂ ತರಗತಿಯ ಬೆಂಚಿನ ಬಳಿಯಲ್ಲಿಯೂ. ಈ ಶಾಲೆಯಲ್ಲಿ ಓದಿ ಈಗ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವ ನೀವು, ನಿಮ್ಮ ಕೇರಿಯ ಒಬ್ಬ ಹುಡುಗಿಯ ಗಂಟಲುನೋವನ್ನು ಕಾಲಕ್ಕೆ ಸರಿಯಾಗಿ ವೈದ್ಯರ ಬಳಿಗೆ ಮುಟ್ಟಿಸಿದರೆ, ಒಂದು ಕವಾಟವೂ, ಅದರ ಹಿಂದಿನ ಶ್ವಾಸಕೋಶವೂ, ಅದರ ಹಿಂದಿನ ಮತ್ತೊಂದು ಕವಾಟವೂ ಉಳಿದುವೆಂದು ತಿಳಿಯಿರಿ.